ಹೊನ್ನಾರಿನ ಮೂರು ಸಾಲು

ಮೂರು ದಿನದಿಂದ ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಹಳೆಯ ಪತ್ರಿಕೆಯ ಮೇಲೆ, ಒಂದು ರಾಶಿ ಕೆಸುವಿನ ಗೆಡ್ಡೆ ಬಿದ್ದಿದೆ. ಮೈತುಂಬ ಕೆಮ್ಮಣ್ಣು. ಹೆಂಡತಿ ಎರಡು ಸಲ ‘ತೊಳೆದಿಡಲೇ?’ ಎಂದು ಕೇಳಿದಳು. ಎರಡು ಸಲವೂ ‘ಇರಲಿ’ ಎಂದೆ. ಮೈಸೂರಿನ ಈ ಮನೆಯ ತಣ್ಣನೆಯ ನೆಲದ ಮೇಲೆ ಆ ಮಣ್ಣು ಇನ್ನೂ ಪೂರ್ತಿ ಒಣಗಿಲ್ಲ. ನೀರು ಕುಡಿಯಲು ಒಳಗೆ ಹೋದಾಗಲೆಲ್ಲ ಅದರ ವಾಸನೆ ಮೂಗಿಗೆ ಬಡಿಯುತ್ತದೆ. ತುಸು ಕಬ್ಬಿಣ, ತುಸು ಕೊಳೆತ ಹುಲ್ಲು. ಈ ವಾಸನೆ ನನಗೆ ಚೆನ್ನಾಗಿ ಗೊತ್ತು. ಉಳಿದದ್ದರಲ್ಲಿ ಎಷ್ಟು ನನಗೆ ನಿಜವಾಗಿ ಗೊತ್ತು ಎನ್ನುವುದೇ ಈ ಮೂರು ದಿನದ ತಲೆನೋವು.

ಕೊಡಗು ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ ನಾನು ಅಲ್ಲಿ ಒಂದು ವರ್ಷ ಕೆಲಸ ಮಾಡಿದೆ. ಕೃಷಿ ಕಾಲೇಜಿನಿಂದ ಹೊರಬಿದ್ದು ಆರು ತಿಂಗಳಾಗಿತ್ತು. ಕುಶಾಲನಗರವನ್ನು ಆಗಿನ್ನೂ ಜನ ಫ್ರೇಸರ್‌ಪೇಟೆ ಎನ್ನುತ್ತಿದ್ದರು. ಅಲ್ಲೊಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಸುತ್ತಲಿನ ಹದಿನೈದು ಹಳ್ಳಿ. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗದಂತೆ ಉಳುವುದು ಹೇಗೆ ಎಂದು ರೈತರಿಗೆ ತೋರಿಸುವುದು ನನ್ನ ಕೆಲಸ. ಮಡಿಕೇರಿಯಲ್ಲಿದ್ದ ನಮ್ಮ ಮೇಲಧಿಕಾರಿ ವಯಸ್ಸಾದ ಕೊಡವರು. ಮೊದಲ ದಿನ ನನ್ನ ಟ್ರಂಕು ನೋಡಿ ಕೇಳಿದರು:

‘ಎಂತ ಮಾರಾಯಾ, ಇಷ್ಟೆಲ್ಲ ಪುಸ್ತಕ ತಂದಿದ್ದೀಯ. ಕೊಡೆ ತಂದಿದ್ದೀಯಾ?’

ತಂದಿರಲಿಲ್ಲ. ಹಿಂಗಾರು ಇನ್ನೂ ಸುರಿಯುತ್ತಿದ್ದ ಕಾಲ. ನೆನೆದುಕೊಂಡೇ ಕೆಲಸಕ್ಕೆ ಸೇರಿದೆ.

ಸೋಮವಾರಪೇಟೆಯ ರಸ್ತೆಯಿಂದ ಒಳಗೆ ಎರಡು ಮೈಲಿ ನಡೆದರೆ ಹಾಸನದ ಕಡೆಯಿಂದ ಬಂದು ನೆಲೆನಿಂತವರ ಹತ್ತು ಮನೆಗಳಿದ್ದವು. ಅದರಲ್ಲಿ ಕೊನೆಯದು ಸಣ್ಣೇಗೌಡನದು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಮನೆಯಲ್ಲಿ ಅವನ ತಾಯಿ ತಿಮ್ಮಮ್ಮ, ಹೆಂಡತಿ ಜಯಮ್ಮ, ಒಂದು ಜೊತೆ ಎತ್ತು. ಅಣ್ಣಂದಿರ ಜೊತೆ ಜಗಳವಾಡಿ ಪಾಲು ಬಿಟ್ಟು ಬಂದು, ನಾಲ್ಕು ಎಕರೆ ಇಳಿಜಾರು ಜಮೀನು ಮಾಡಿಕೊಂಡಿದ್ದ. ಎರಡು ವರ್ಷ ರಾಗಿ ಬಿತ್ತಿದ್ದ. ಎರಡು ವರ್ಷವೂ ಮುಂಗಾರು ಬೀಜವನ್ನೂ ಮಣ್ಣನ್ನೂ ಒಟ್ಟಿಗೆ ಕೆಳಗಿನ ಹಳ್ಳಕ್ಕೆ ಇಳಿಸಿತ್ತು.

‘ಈ ಹೊಲ ರಾಗಿ ಕೊಡೋದು ಬಿಟ್ಟು ಕಲ್ಲು ಹೆರ್ತಾ ಅದೆ ಸ್ವಾಮಿ’ ಎಂದಳು ತಿಮ್ಮಮ್ಮ, ನಾನು ಮೊದಲ ಸಲ ಹೋದ ದಿನ. ‘ಈ ಸಲವೂ ಕೈಕೊಟ್ರೆ ನಾವು ಗಂಟುಮೂಟೆ ಕಟ್ಟಬೇಕು. ದೊಡ್ಡೋನ ಮನೇಲಿ ನನ್ನ ಸೊಸೆ ಸೆಗಣಿ ಬಾಚ್ಬೇಕು, ಇವನು ಅವರ ಎತ್ತು ಹೊಡೀಬೇಕು.’

‘ಸತ್ತರೂ ಹೋಗಲ್ಲ’ ಎಂದ ಸಣ್ಣೇಗೌಡ ಒಳಗಿನಿಂದ.

ಕಾರಣ ಕಂಡುಹಿಡಿಯಲು ಕಾಲೇಜು ಬೇಕಿರಲಿಲ್ಲ. ಅವನು ಇಳಿಜಾರಿನ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಉಳುತ್ತಿದ್ದ. ಪ್ರತಿ ಸಾಲೂ ನೀರಿಗೆ ಒಂದು ಕಾಲುವೆ. ಅಡ್ಡಕ್ಕೆ ಉಳು, ಸಾಲು ಸಾಲಿನಲ್ಲೂ ನೀರು ನಿಂತು ಇಂಗುತ್ತದೆ ಎಂದೆ. ಆಗ ತಿಳಿಯಿತು, ಅಡ್ಡಿಯಾಗಿದ್ದದ್ದು ಹೊನ್ನಾರು ಎಂದು. ಯುಗಾದಿಯಲ್ಲಿ ವರ್ಷದ ಮೊದಲ ಸಾಲು ಹೊಡೆಯುವ ಶಾಸ್ತ್ರ ಅದು. ಎತ್ತಿಗೆ ಮೈತೊಳೆದು, ನೇಗಿಲಿಗೆ ಪೂಜೆ ಮಾಡಿ, ಪಂಚಾಂಗದಲ್ಲಿ ಆ ವರ್ಷ ಯಾರ ಹೆಸರಿಗೆ ಬಲ ಬಂದಿದೆಯೋ ಅವರ ಕೈಯಲ್ಲಿ ಮೇಣಿ, ಅಂದರೆ ನೇಗಿಲ ಹಿಡಿ, ಹಿಡಿಸುತ್ತಾರೆ. ಇವರ ಮನೆತನದಲ್ಲಿ ಆ ಸಾಲು ಪೂರ್ವಕ್ಕೇ ಹೋಗಬೇಕು. ಅದು ಹೋದ ದಿಕ್ಕಿಗೇ ವರ್ಷದ ಉಳುಮೆಯೆಲ್ಲ. ಹಾಸನದ ಸಮನೆಲದಲ್ಲಿ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಇಲ್ಲಿ ಹೊಲ ಜಾರುವುದೇ ಪೂರ್ವಕ್ಕೆ.

‘ಹೊನ್ನಾರು ಮೂಡ್ಲಾಗೇ ಹೊಡೀಬೇಕು ಸ್ವಾಮಿ. ನಮ್ಮಪ್ಪ ಹಂಗೇ ಹೊಡೆದ, ಅವರಪ್ಪ ಹಂಗೇ ಹೊಡೆದ.’

‘ಅವರ ನೆಲ ಸಮ ಇತ್ತಲ್ಲ ಗೌಡ್ರೇ. ಇಲ್ಲಿ ಇಳಿಜಾರು.’

‘ನೆಲ ಇಳೀತು ಅಂತ ಸೂರ್ಯ ಬ್ಯಾರೆ ಕಡೆ ಹುಟ್ತಾನಾ?’

ನಾನು ಆಗ ಯಾವುದನ್ನೂ ನಂಬದವನು. ಹಾಗೆಂದು ನನಗೇ ಬಹಳ ಹೆಮ್ಮೆ. ವಾದ ಮಾಡುವುದನ್ನು ಬಿಟ್ಟು, ಔಷಧಿಯ ಎರಡು ಖಾಲಿ ಸೀಸೆ ತಂದೆ. ಹಿಂಗಾರಿನ ಒಂದು ಜೋರು ಮಳೆಯಲ್ಲಿ ಅವನ ಹೊಲದ ಬುಡದಿಂದ ಹರಿದು ಬರುತ್ತಿದ್ದ ನೀರನ್ನು ಒಂದರಲ್ಲಿ, ಪಕ್ಕದ ಹುಲ್ಲುಗಾವಲಿನಿಂದ ಬರುತ್ತಿದ್ದುದನ್ನು ಇನ್ನೊಂದರಲ್ಲಿ ಹಿಡಿದು ಅವರ ಜಗಲಿಯ ಮೇಲಿಟ್ಟೆ. ಮಾರನೆಯ ದಿನ ನೋಡಿದರೆ ಹುಲ್ಲಿನ ಸೀಸೆಯ ತಳದಲ್ಲಿ ಒಂದು ಗೆರೆಯಷ್ಟು ಕೆಸರು. ಹೊಲದ ಸೀಸೆಯಲ್ಲಿ ಎರಡು ಬೆರಳು ದಪ್ಪ ಕೂತಿತ್ತು. ಸಣ್ಣೇಗೌಡ ಅದನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

‘ಇದಷ್ಟೂ ನಂದಾ?’ ಎಂದ.

ರಾಜಿ ಮಾಡಿಸಿದವಳು ತಿಮ್ಮಮ್ಮ. ಹೊನ್ನಾರು ಮಾತ್ರ ಪೂರ್ವಕ್ಕೆ ಮೂರು ಸಾಲು ಹೊಡೆಯುವುದು, ಉಳಿದ ಉಳುಮೆಯೆಲ್ಲ ಈ ಸ್ವಾಮ್ಯೋರು ಹೇಳಿದಂಗೆ ಅಡ್ಡಕ್ಕೆ. ದೇವರಿಗೂ ಆಯ್ತು, ಸರ್ಕಾರಕ್ಕೂ ಆಯ್ತು. ನಾನು ಒಪ್ಪಿದೆ. ಚಳಿಗಾಲವೆಲ್ಲ ಆ ಹೊಲದಲ್ಲಿ ಗೂಟ ಹೊಡೆದು ಸಮಮಟ್ಟದ ಗೆರೆ ಗುರುತಿಸಿದೆ. ಅದಕ್ಕೆ ಬಳಸಿದ್ದು ಎರಡು ಬಿದಿರು ಗಳುವನ್ನು ಮೇಲೆ ಸೇರಿಸಿ ಕಟ್ಟಿ, ಅಡ್ಡಪಟ್ಟಿ ಕೊಟ್ಟು, ನಡುವೆ ದಾರದಲ್ಲಿ ಕಲ್ಲು ತೂಗುಬಿಟ್ಟ ಚೌಕಟ್ಟು. ಅದನ್ನು ಒಂದೊಂದೇ ಕಾಲು ತಿರುಗಿಸುತ್ತ ಹೊಲದ ಮೇಲೆ ನಡೆಸಬೇಕು.

‘ಜಯಾ, ಬಾರೇ ಇಲ್ಲಿ’ ಎಂದು ತಿಮ್ಮಮ್ಮ ಸೊಸೆಯನ್ನು ಕರೆದು ತೋರಿಸಿದಳು. ‘ಸ್ವಾಮ್ಯೋರು ಕೊಕ್ಕರೆ ಮೇಯಿಸ್ತಾ ಅವರೆ.’ ನನ್ನ ಕಡೆ ತಿರುಗಿ, ‘ಮದುವೆ ಆಗಿಲ್ವಾ ನನ್ನಪ್ಪಾ? ಆಗ್ಬಿಡು. ಹಿಂಗೆ ಒಬ್ಬೊಬ್ನೇ ಕೊಕ್ಕರೆ ಜೊತೆ ತಿರುಗಬಾರ್ದು.’

ಯುಗಾದಿಯ ಬೆಳಿಗ್ಗೆ ನಾನು ಅಲ್ಲಿದ್ದೆ. ಹಿಂದಿನ ವಾರ ಒಂದು ಮಳೆ ಬಿದ್ದು ನೆಲ ಹದವಾಗಿತ್ತು. ಆ ವರ್ಷ ಸಣ್ಣೇಗೌಡನ ಹೆಸರಿಗೆ ಬಲ ಬಂದಿರಲಿಲ್ಲ ಎಂದು ಏನೋ ಮಾತು ನಡೆಯಿತು. ಆದರೂ ಕೊನೆಗೆ ಅವನೇ ಮೇಣಿ ಹಿಡಿದ. ನಾನು ಬದುವಿನ ಮೇಲೆ ನಿಂತು ನೋಡಿದೆ. ಹೀಗೆಂದು ನನ್ನ ನೆನಪು. ಮಣ್ಣು ಬಿರಿದು ಮಗುಚಿದ್ದು, ಈ ಗೆಡ್ಡೆಗಳದೇ ವಾಸನೆ, ಎತ್ತಿನ ಬೆನ್ನಿನ ಮೇಲೆ ಅರಿಸಿನದ ಪಟ್ಟೆ, ಎಡಗಡೆಯ ಎತ್ತಿನ ಬಾಲದ ಬುಡದಲ್ಲಿ ಉಣ್ಣೆಹುಳ ಕಚ್ಚಿ ಕೂದಲುದುರಿದ ಬೋಳು ಕಲೆ, ಎಲ್ಲ ನಿಚ್ಚಳವಾಗಿದೆ. ಆ ವಾರವೆಲ್ಲ ನನ್ನ ಬಲಗೈಯಲ್ಲಿ ಗುಳ್ಳೆ ಎದ್ದಿತ್ತು. ಗೂಟ ಹೊಡೆದು ಎದ್ದದ್ದೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಗೂಟದ ಕೆಲಸ ಮುಗಿದು ಆಗಲೇ ತಿಂಗಳಾಗಿತ್ತಲ್ಲ ಎನ್ನುವುದು ಹೊಳೆದದ್ದು ಮೊನ್ನೆ.

ಮೇ ತಿಂಗಳಲ್ಲಿ ಅಡ್ಡ ಉಳುಮೆಯಾಯಿತು. ನಾನು ಮೀಟಿಂಗಿಗೆಂದು ಮಡಿಕೇರಿಯಲ್ಲಿದ್ದೆ. ತಿರುಗಿ ಬಂದಾಗ ಹೊಲ ಬಾಚಣಿಗೆ ಎಳೆದ ತಲೆಯ ಹಾಗಿತ್ತು. ನಡುವೆ ಮಾತ್ರ ಹೊನ್ನಾರಿನ ಆ ಮೂರು ಸಾಲು ಮೇಲಿನಿಂದ ಕೆಳಗಿನವರೆಗೆ ಹಾಗೇ ಉಳಿದಿದ್ದವು. ಸಣ್ಣೇಗೌಡ ಅಲ್ಲಿಗೆ ಬಂದಾಗಲೆಲ್ಲ ನೇಗಿಲು ಎತ್ತಿ, ಆಚೆ ಇಟ್ಟು, ಮುಂದುವರಿಸಿದ್ದ. ಹೊಲದ ನಡು ತುಸು ತಗ್ಗು. ಎರಡೂ ಕಡೆಯ ಅಡ್ಡ ಸಾಲುಗಳ ಬಾಯಿಗಳು ಅಲ್ಲೇ ತೆರೆದುಕೊಂಡಿದ್ದವು. ಈಗ ಕಣ್ಣು ಮುಚ್ಚಿದರೂ ನನಗದು ಕಾಣುತ್ತದೆ. ಅವತ್ತು ಕಣ್ಣು ತೆರೆದಿದ್ದರೂ ಕಂಡಿತ್ತೋ ಇಲ್ಲವೋ ಹೇಳಲಾರೆ.

ಆರಿದ್ರಾ ಮಳೆ ಹಿಡಿದಾಗ ರಾಗಿ ಗೇಣುದ್ದ ಬಂದಿತ್ತು. ಮೊದಲ ಎರಡು ದಿನ ಪ್ರತಿ ಸಾಲೂ ನೀರು ಹಿಡಿದು ನಿಂತಿತು. ಬುಡದಿಂದ ಹೊರಬಂದ ನೀರು ತಿಳಿಯಾಗಿತ್ತು. ತಿಮ್ಮಮ್ಮ ನನಗೆಂದು ಕಾಯಿ ಹಾಲು ಹಾಕಿ ಪಾಯಸ ಮಾಡಿದಳು. ಸಣ್ಣೇಗೌಡ ಅಣ್ಣನಿಗೊಂದು ಕಾಗದ ಬರೆಸಬೇಕು ಎಂದ. ಏನೆಂದು ಬರೆಯಲಿ ಎಂದರೆ, ‘ಸುಗ್ಗಿಗೆ ಬಂದು ನೋಡ್ಕೊಂಡು ಹೋಗು ಅಂತ ಬರೀರಿ, ಅಷ್ಟೇ ಸಾಕು’ ಎಂದು ನಕ್ಕ.

ಆ ಕಾಗದ ಬರೆಯಲಿಲ್ಲ. ಮೂರನೆಯ ದಿನ ಸಾಲುಗಳು ತುಂಬಿದವು. ತುಂಬಿದ ನೀರು ನೆಲದೊಳಕ್ಕೆ ಇಂಗಲಿಲ್ಲ, ಅಡ್ಡಡ್ಡ ಹರಿದು ನಡುವಿನ ಮೂರು ಸಾಲಿಗೆ ಬಂದು ಬಿತ್ತು. ನಾಲ್ಕು ಎಕರೆಯ ನೀರಷ್ಟೂ ಒಂದೇ ದಾರಿಯಲ್ಲಿ. ನಾನು ಸೈಕಲ್ಲು ತಳ್ಳಿಕೊಂಡು ಅಲ್ಲಿಗೆ ಮುಟ್ಟುವಾಗ ಅದು ಮೊಳಕಾಲಿನ ಆಳಕ್ಕಿತ್ತು. ಸಣ್ಣೇಗೌಡ ಕಂಬಳಿಯ ಕೊಪ್ಪೆ ಎಸೆದು, ಬರಿಮೈಯಲ್ಲಿ ಒಳಗಿಳಿದು ಹುಲ್ಲಿನ ಹೊರೆ ತುರುಕುತ್ತಿದ್ದ. ಹುಲ್ಲು ಹೋಯಿತು. ಕಲ್ಲು ಇಟ್ಟ, ಕಲ್ಲು ಉರುಳಿತು. ಜಯಮ್ಮ ನೊಗ ತಂದುಕೊಟ್ಟಳು. ಅದೂ ಹೋಯಿತು. ಆಮೇಲೆ ಅವನು ಮನೆಗೆ ಓಡಿ, ಮುಂಬಾಗಿಲನ್ನೇ ಕಿತ್ತು ಬೆನ್ನ ಮೇಲೆ ಹೊತ್ತು ತಂದು ಅಡ್ಡ ಇಟ್ಟ. ಬಾಗಿಲು ಒಂದು ಗಳಿಗೆ ನಿಂತಿತು. ನಾವು ನಾಲ್ವರೂ ಅದನ್ನೇ ನೋಡಿದೆವು. ಅದರ ಹಿಂದೆ ನೀರು ಏರಿತು, ಒಂದು ಮಗ್ಗುಲಿನಿಂದ ಮಣ್ಣು ಕುಸಿಯಿತು, ಬಾಗಿಲು ಅಂಗಾತ ತಿರುಗಿ ತೇಲಿ ಹೋಯಿತು.

ಸಂಜೆಗೆ ಅಲ್ಲಿ ಆಳೆತ್ತರದ ಕೊರಕಲು ಬಿದ್ದಿತ್ತು. ಎರಡು ಬದಿಯ ರಾಗಿಯೂ ಅದರೊಳಕ್ಕೆ ಕಳಚಿಕೊಂಡಿತ್ತು. ತಿಮ್ಮಮ್ಮ ಬಾಗಿಲಿಲ್ಲದ ಹೊಸಿಲ ಮೇಲೆ ಕೂತಿದ್ದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನೆನಪು ಇನ್ನೂ ಸ್ವಲ್ಪ ನೆಟ್ಟಗಿರುತ್ತಿತ್ತೋ ಏನೋ.

ವರದಿ ಬರೆದೆ. ಸಮಮಟ್ಟದ ಉಳುಮೆಯ ವಿಧಾನ ಸರಿಯಾಗಿತ್ತು. ಹೊನ್ನಾರಿನ ಸಾಲನ್ನು ಮುಂದೆ ಉಳಬಾರದೆಂಬ ರೈತರ ನಂಬಿಕೆಯಿಂದಾಗಿ ಇಳಿಜಾರಿನ ಮೂರು ಸಾಲು ಉಳಿದು, ನೀರು ಅಲ್ಲಿ ಒಟ್ಟುಗೂಡಿ ಹಾನಿಯಾಯಿತು ಎಂದು. ಚೆನ್ನಾಗಿ ಬರೆದಿದ್ದೀಯ ಎಂದು ಮೇಲಿನವರು ಹೊಗಳಿದರು. ಚಳಿಗಾಲಕ್ಕೆ ಮುಂಚೆ ನನಗೆ ಬೇರೆ ಕಡೆಗೆ ವರ್ಗವಾಯಿತು. ಸಣ್ಣೇಗೌಡನ ಮನೆಗೆ ಆಮೇಲೆ ಹೋಗಲಿಲ್ಲ. ಮುಂದಿನ ಊರು, ಅದರ ಮುಂದಿನ ಊರು. ಎಲ್ಲೂ ಮೂರು ವರ್ಷ ನಿಂತವನಲ್ಲ. ನಿಂತಲ್ಲೆಲ್ಲ, ಹೊಸದಾಗಿ ಸೇರಿದವರಿಗೆ ಪಾಠ ಹೇಳುವಾಗ, ಆ ಹೊಲದ ಕತೆ ಹೇಳಿದೆ. ಹಲಗೆಯ ಮೇಲೆ ಅಡ್ಡಗೆರೆಗಳನ್ನು ಎಳೆದು, ನಡುವೆ ಮೂರು ಉದ್ದಗೆರೆ ಎಳೆದು, ‘ವಿಜ್ಞಾನ ಇಷ್ಟು ಮಾಡಿತು, ನಂಬಿಕೆ ಇಷ್ಟು ಮಾಡಿತು’ ಎನ್ನುತ್ತಿದ್ದೆ. ಬಾಗಿಲಿನ ಮಾತು ಬಂದಾಗ ಹುಡುಗರು ಬರೆಯುವುದನ್ನು ಬಿಟ್ಟು ತಲೆ ಎತ್ತುತ್ತಿದ್ದರು. ನಾಲ್ವತ್ತು ವರ್ಷ ಹೇಳಿದ ಮೇಲೆ ನೆನಪಿದ್ದದ್ದು ಹೊಲವೋ, ಹಲಗೆಯೋ?

ಹೋದ ವಾರ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆಂದು ಕುಶಾಲನಗರಕ್ಕೆ ಹೋದೆ. ಊಟ ಬೇಗ ಮುಗಿಯಿತು, ಬಸ್ಸು ಸಂಜೆಗೆ. ಸುಮ್ಮನೆ ಕೂರಲಾಗದ ಹಾಳು ಸ್ವಭಾವ. ಸೋಮವಾರಪೇಟೆಯ ಬಸ್ಸು ಹತ್ತಿ, ಆ ತಿರುವಿನಲ್ಲಿ ಇಳಿದೆ. ಎರಡು ಮೈಲಿ ಈಗ ನಾಲ್ಕು ಮೈಲಿಯಾಗಿತ್ತು ನನ್ನ ಮಂಡಿಗೆ. ಕೊನೆಯ ಮನೆಗೆ ಹೆಂಚು ಬಂದಿತ್ತು. ಅಂಗಳದಲ್ಲಿ ತೆಳ್ಳಗಿನ ಒಬ್ಬ ಹೆಂಗಸು ಮೆಣಸು ಒಣಹಾಕುತ್ತಿದ್ದಳು. ನಾನು ಹೆಸರು ಹೇಳಲು ಬಾಯಿ ತೆರೆಯುವ ಮೊದಲೇ ಜಯಮ್ಮ ಗುರುತು ಹಿಡಿದಳು.

‘ಕೊಕ್ಕರೆ ಸ್ವಾಮಿ ಅಲ್ವಾ?’

ಸಣ್ಣೇಗೌಡ ಹೋಗಿ ಎಂಟು ವರ್ಷವಾಯಿತಂತೆ. ಆ ಮಳೆಗಾಲವನ್ನು ಬಾಗಿಲಿಗೆ ಕಂಬಳಿ ಕಟ್ಟಿಕೊಂಡು ಕಳೆದರಂತೆ. ಅಣ್ಣಂದಿರ ಮನೆಗೆ ಹೋಗಲಿಲ್ಲ. ಸಿದ್ದಾಪುರದ ಕಡೆ ಒಂದು ಎಸ್ಟೇಟಿಗೆ ಹೋಗಿ ಕೂಲಿಯಾಳುಗಳ ಲೈನುಮನೆಯಲ್ಲಿ ಆರು ವರ್ಷ ಇದ್ದರು. ತಿಮ್ಮಮ್ಮ ಅಲ್ಲೇ ತೀರಿಕೊಂಡಳು.

‘ಅಲ್ಲಿ ಇವರಿಗೆ ತೊಟ್ಟಿಲು ಗುಂಡಿ ತೋಡೋ ಕೆಲ್ಸ’ ಎಂದಳು ಜಯಮ್ಮ. ಕಾಫಿ ಗಿಡಗಳ ನಡುವೆ, ಹರಿಯುವ ನೀರು ನಿಂತು ಇಂಗಲಿ ಎಂದು ಇಳಿಜಾರಿಗೆ ಅಡ್ಡಲಾಗಿ ತೋಡುವ ಉದ್ದನೆಯ ಗುಂಡಿಗಳು ಅವು. ‘ತೋಡೀ ತೋಡೀ ನೀರಿನ ಬುದ್ಧಿ ಕಲ್ತ್ರು. ವಾಪಸ್ ಬಂದು, ಹೊಲ ಹೆತ್ತ ಕಲ್ಲನ್ನೇ ತುಂಬಿ ಕೊರಕಲಿಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ ಹಾಕಿದ್ರು. ಬನ್ನಿ ತೋರಿಸ್ತೀನಿ.’

ತೋರಿಸಿದಳು. ಕಟ್ಟೆಗಳ ಹಿಂದೆ ಮಣ್ಣು ತುಂಬಿ, ಕೊರಕಲಿನ ಜಾಗದಲ್ಲಿ ಮೊಳಕಾಲಾಳದ ತಗ್ಗು ಮಾತ್ರ ಉಳಿದಿತ್ತು. ಅದರ ತುಂಬ ಆನೆಕಿವಿಯಂಥ ಕೆಸುವಿನ ಎಲೆ. ಮೇಲಿನಿಂದ ಕೆಳಗಿನವರೆಗೆ ದಾರ ಹಿಡಿದ ಹಾಗೆ ನೇರ.

‘ಇದಕ್ಕೆ ಮನೇಲಿ ಈಗ್ಲೂ ಸ್ವಾಮ್ಯೋರ ಸಾಲು ಅಂತೀವಿ. ಕೆಸು ಕಿತ್ಕೊಂಡು ಬಾ ಅನ್ನಬೇಕಾದ್ರೆ ಸ್ವಾಮ್ಯೋರ ಸಾಲಿಗೆ ಹೋಗು ಅಂತೀವಿ.’

ಯಾವ ಸ್ವಾಮ್ಯೋರು ಎಂದು ಕೇಳಿದೆ. ಅವಳು ನಕ್ಕಳು.

‘ನೀವೇ! ಇನ್ಯಾರು? ಆ ಯುಗಾದೀಲಿ ಹೊನ್ನಾರು ನಿಮ್ಮ ಹೆಸರಿಗೇ ಬಂದಿತ್ತಲ್ಲ. ನೀವೇ ಮೇಣಿ ಹಿಡಿದು ಹೊಡೆದ್ರಿ, ಮೂರು ಸಾಲು. ಕಚ್ಚೆ ಕಟ್ಟಿಕೊಳ್ಳೋಕೆ ಬರದೆ ಇವರ ಪಂಚೆ ಸಿಕ್ಕಿಸ್ಕೊಂಡಿದ್ರಿ. ನಮ್ಮತ್ತೆ ಎಷ್ಟು ನಕ್ಕಿದ್ರು!’

ನಾನು ಬದುವಿನ ಮೇಲೆ ನಿಂತಿದ್ದೆ ಎಂದೆ. ಪಂಚಾಂಗವನ್ನೇ ನಂಬದವನು ನಾನು, ಮೇಣಿ ಹಿಡಿಯಲು ಸಾಧ್ಯವೇ ಇಲ್ಲ ಎಂದೆ. ಅವಳು ವಾದಕ್ಕೆ ಬರಲಿಲ್ಲ. ನನಗೆ ವಾದ ಬೇಕಿತ್ತು.

‘ಅದು ಹಾಗಿರಲಿ ಜಯಮ್ಮ. ಹೊನ್ನಾರಿನ ಸಾಲನ್ನ ಉಳಬಾರದು ಅನ್ನೋ ನಿಮ್ಮ ಶಾಸ್ತ್ರದಿಂದ ತಾನೆ ಅದು ಉಳಿದದ್ದು?’

‘ಹಂಗೆ ಯಾವೂರ ಶಾಸ್ತ್ರ ಸ್ವಾಮಿ? ಹೊನ್ನಾರು ಮುಂದಿನ ಉಳುಮೇಲಿ ಅಳಿಸ್ಹೋಯ್ತದೆ. ಪ್ರತಿ ವರ್ಷ ಅಳಿಸ್ಹೋಯ್ತದೆ. ಆ ವರ್ಷವೂ ಇವರು ನೇಗಿಲು ಹೂಡಿದ್ರು. ನಮ್ಮತ್ತೆನೇ ತಡೆದ್ರು. ಓದಿರೋ ಹುಡುಗ, ಚಳಿಗಾಲವೆಲ್ಲ ಕೊಕ್ಕರೆ ನಡೆಸಿ ಅಳೆದವ್ನೆ. ಅವನು ಕೈಯಾರೆ ಹೊಡೆದ ಸಾಲು, ಏನೋ ಲೆಕ್ಕ ಇರ್ತದೆ, ಬರಲಿ ಕೇಳೋಣ ಅಂದ್ರು.’

‘ಕೇಳಿದ್ರಾ?’

‘ನೀವು ಬಂದ್ರಿ. ಇವರು ಅದನ್ನೇ ತೋರಿಸ್ಕೊಂಡು ನಿಂತಿದ್ರು. ನೀವು ಮೇಲಿಂದ ಕೆಳಗೆ ನೋಡಿ, ಚೆನ್ನಾಗದೆ ಗೌಡ್ರೇ ಅಂದ್ರಿ. ಇನ್ನೇನ್ ಕೇಳೋದು?’

ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ. ಎರಡು ಕೈಯಿಂದ ಗಿಡದ ಬುಡ ಹಿಡಿದು ಅಲ್ಲಾಡಿಸಿ ಗೆಡ್ಡೆ ಕೀಳುತ್ತಿದ್ದಳು. ಚೀಲ ತುಂಬಿಸಿ ಕೊಟ್ಟಳು. ತೆಗೆದುಕೊಂಡೆ.

ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಅವಳ ನೆನಪೂ ನೆನಪೇ ತಾನೆ ಎಂದುಕೊಂಡೆ. ಅವಳೂ ಈ ಕತೆಯನ್ನು ನಾಲ್ವತ್ತು ವರ್ಷ ಹೇಳಿದ್ದಾಳೆ. ಹೇಳಿ ಹೇಳಿ ನನ್ನ ಕೈಗೆ ಮೇಣಿ ಕೊಟ್ಟಿರಬಹುದು. ಹುಣಸೂರು ದಾಟುವವರೆಗೆ ಈ ವಾದ ನಿಂತಿತು. ಆಮೇಲೆ ಎತ್ತುಗಳು ನೆನಪಾದವು. ಅವುಗಳ ಮುಖ ತಂದುಕೊಳ್ಳಲು ನೋಡಿದೆ. ಹಣೆಯ ಕುಂಕುಮ, ಕೊಂಬಿನ ಬಣ್ಣ, ಏನೂ ಬರಲಿಲ್ಲ. ಬಂದದ್ದು ಬೆನ್ನ ಮೇಲಿನ ಅರಿಸಿನದ ಪಟ್ಟೆ ಮತ್ತು ಆ ಬೋಳು ಕಲೆ. ಬದುವಿನ ಮೇಲೆ ನಿಂತವನಿಗೆ ಎತ್ತಿನ ಮುಖ ಕಾಣಬೇಕು, ಪಕ್ಕ ಕಾಣಬೇಕು. ಬಾಲದ ಬುಡ ಅಷ್ಟು ಹತ್ತಿರದಿಂದ ಕಾಣುವುದು ಹಿಂದೆ ಮೇಣಿ ಹಿಡಿದು ನಡೆಯುವವನಿಗೆ ಮಾತ್ರ.

ಇವತ್ತು ಬೆಳಿಗ್ಗೆ ಗೆಡ್ಡೆಗಳನ್ನು ನಾನೇ ತೊಳೆದೆ. ನಲ್ಲಿಯ ಕೆಳಗೆ ಹಿಡಿದಾಗ ಕೆಂಪು ನೀರು ಬಚ್ಚಲ ತೂತಿನತ್ತ ಓಡಿತು. ತಕ್ಷಣ ನಲ್ಲಿ ನಿಲ್ಲಿಸಿದೆ. ಉಳಿದವನ್ನು ಗಾಜಿನ ದೊಡ್ಡ ಭರಣಿಯಲ್ಲಿ ನೀರು ಹಾಕಿ, ಒಂದೊಂದಾಗಿ ಅದ್ದಿ ಉಜ್ಜಿದೆ. ಬೆರಳು ಜುಮ್ಮೆನ್ನುವವರೆಗೆ ಉಜ್ಜಿದೆ. ಭರಣಿಯನ್ನು ಕಿಟಕಿಯ ಮೇಲೆ, ಬೆಳಕಿಗೆ ಇಟ್ಟೆ.

ಮಧ್ಯಾಹ್ನ ಹೆಂಡತಿ ಬಂದು ನೋಡಿದಳು. ಮೇಲೆ ನೀರು ತಿಳಿಯಾಗತೊಡಗಿತ್ತು. ಕೆಳಗೆ ಇನ್ನೂ ಮಬ್ಬು.

‘ಈ ರಾಡಿ ಚೆಲ್ಲಿಬಿಡಲಾ?’ ಎಂದಳು.

‘ತಾಳು’ ಎಂದೆ. ‘ಎಷ್ಟು ಕೂರುತ್ತದೆ ನೋಡೋಣ.’